ಕೆರೆಗೆ ಬಿಟ್ಟ ಮೀನಿನ ಲೆಕ್ಕ

ಮುಂಗಾರು ಹಿಡಿದು ಕೆರೆಕಟ್ಟೆಗಳಿಗೆ ನೀರು ಬರುತ್ತಿದ್ದಂತೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ತಪ್ಪದೇ ಬರುತ್ತದೆ. ಜಲಾಶಯದ ದಂಡೆಯಲ್ಲಿ ಶಾಸಕರು, ಮೀನುಗಾರಿಕೆ ಇಲಾಖೆಯವರು, ಮೀನುಗಾರರ ಸಹಕಾರ ಸಂಘದವರು ಸಾಲಾಗಿ ನಿಂತಿರುತ್ತಾರೆ. ಆಮ್ಲಜನಕ ತುಂಬಿ ಉಬ್ಬಿದ ಪ್ಲಾಸ್ಟಿಕ್ ಚೀಲದ ಬಾಯಿ ಬಿಚ್ಚಿ ಮೀನುಮರಿಗಳನ್ನು ನೀರಿಗೆ ಬಿಡುತ್ತಿರುತ್ತಾರೆ. ಇಷ್ಟು ಲಕ್ಷ ಮರಿ ಬಿತ್ತನೆಯಾಯಿತು ಎಂದು ಚಿತ್ರದ ಕೆಳಗೆ ಬರೆದಿರುತ್ತದೆ.

ನೀರಿಗೆ ಹೋದದ್ದೆಷ್ಟು ಎಂಬುದನ್ನು ಮಾತ್ರ ಆ ಸಂಖ್ಯೆ ಹೇಳುತ್ತದೆ. ಮರುವರ್ಷ ಅದೇ ದಂಡೆಯಲ್ಲಿ ನಿಂತು ಯಾರೂ ಕೇಳದ ಪ್ರಶ್ನೆಗಳು ಮೂರಿವೆ. ಬಿಟ್ಟದ್ದರಲ್ಲಿ ಬಲೆಗೆ ಬಿದ್ದದ್ದೆಷ್ಟು? ಹಾಗೆ ಬಿದ್ದ ಒಂದೊಂದು ಮೀನಿಗೆ ಬೊಕ್ಕಸದಿಂದ ಹೋದ ಹಣವೆಷ್ಟು? ಮರಿ ಬಿಡದೇ ಇದ್ದಿದ್ದರೆ ಎಷ್ಟು ಮೀನು ಸಿಗುತ್ತಿತ್ತು? ಮೀನುಮರಿ ಹುಟ್ಟಿಸುವ ಸರ್ಕಾರಿ ಹ್ಯಾಚರಿ ಲಾಭವೋ ನಷ್ಟವೋ ಎಂದು ತೀರ್ಮಾನಿಸುವುದು ಈ ಮೂರು ಉತ್ತರಗಳು. ಅವುಗಳ ಬೆನ್ನು ಹತ್ತಿದವರ ಕಥೆ ಕೊಲಂಬಿಯಾ ನದಿಯಿಂದ ಕಾವೇರಿಯವರೆಗೆ ಹರಡಿಕೊಂಡಿದೆ.

ಸರ್ಕಾರ ತನ್ನ ಖರ್ಚಿನಲ್ಲಿ ಮೀನು ಹುಟ್ಟಿಸುವ ಪದ್ಧತಿಗೆ ಈಗ ಒಂದೂವರೆ ಶತಮಾನ. ಅಮೆರಿಕದಲ್ಲಿ ಮೀನುಗಾರಿಕೆ ಆಯೋಗ ಸ್ಥಾಪನೆಯಾದದ್ದು 1871ರಲ್ಲಿ. ಮರುವರ್ಷವೇ ಲಿವಿಂಗ್‌ಸ್ಟನ್ ಸ್ಟೋನ್ ಎಂಬಾತ ಕ್ಯಾಲಿಫೋರ್ನಿಯಾದ ಮೆಕ್‌ಕ್ಲೌಡ್ ನದಿಯ ದಡದಲ್ಲಿ ಸಾಲ್ಮನ್ ಮೊಟ್ಟೆಗಳನ್ನು ಸಂಗ್ರಹಿಸುವ ಕೇಂದ್ರ ತೆರೆದ. ಅಂದಿನ ವಾದ ಸರಳವಾಗಿತ್ತು. ಮೀನು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಪ್ರಕೃತಿಯಲ್ಲಿ ಬಹುಪಾಲು ಹಾಳಾಗುತ್ತವೆ. ಮೊಟ್ಟೆಯನ್ನು ನಾವು ಕಾಪಾಡಿ ಮರಿ ಮಾಡಿ ಬಿಟ್ಟರೆ ನದಿಯ ತುಂಬ ಮೀನು! ಇದರ ಹಿಂದೆ ರಾಜಕೀಯದ ಅನುಕೂಲವೂ ಇತ್ತು. ಮೀನು ಹಿಡಿಯುವವರ ಕೈ ಕಟ್ಟುವುದು, ಅಣೆಕಟ್ಟು ಬೇಡವೆನ್ನುವುದು, ಕಾರ್ಖಾನೆಯ ಕೊಳಚೆ ತಡೆಯುವುದು ಎಲ್ಲವೂ ಕಷ್ಟದ ಕೆಲಸ. ಹ್ಯಾಚರಿ ಕಟ್ಟುವುದು ಸುಲಭ, ಅದಕ್ಕೆ ವಿರೋಧಿಗಳೂ ಇಲ್ಲ.

ಒಂದು ರಾತ್ರಿಯ ಕೆಲಸ, ಇಡೀ ವರ್ಷದ ಖರ್ಚು

ನಮ್ಮ ಗೆಂಡೆ ಜಾತಿಯ ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಅವುಗಳಿಗೆ ಮಳೆಗಾಲದ ನೆರೆ ಬೇಕು, ಹರಿಯುವ ಹೊಸ ನೀರು ಬೇಕು. ಹಾಗಾಗಿ ಕೆರೆಗೆ ಬೇಕಾದ ಮರಿಗಳನ್ನು ಹಿಂದೆ ನದಿಗಳಿಂದಲೇ ಬಾಚಿ ತರುತ್ತಿದ್ದರು. ಬೇಕಾದ ಜಾತಿಯ ಜೊತೆಗೆ ಬೇಡದ ಜಾತಿಯೂ, ಮರಿಗಳನ್ನೇ ತಿನ್ನುವ ಜಾತಿಯೂ ಬುಟ್ಟಿ ಸೇರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಈ ಅವಲಂಬನೆಯನ್ನು ಮುರಿದರು. ಒಂದು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಇನ್ನೊಂದು ಮೀನಿಗೆ ಚುಚ್ಚಿ, ಕೊಳದಲ್ಲೇ ಅದು ಮೊಟ್ಟೆ ಇಡುವಂತೆ ಮಾಡಿದರು. ದೇಶ ಈಗ ಜುಲೈ 10ನ್ನು ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ.

ಇಂದಿನ ಗೆಂಡೆ ಹ್ಯಾಚರಿಯ ಕೆಲಸ ಸಾಮಾನ್ಯವಾಗಿ ಸಂಜೆ ಶುರುವಾಗುತ್ತದೆ. ಕೊಳದಲ್ಲಿ ಬಲೆ ಎಳೆದು, ಹೊಟ್ಟೆ ಮೆತ್ತಗೆ ಉಬ್ಬಿದ ಹೆಣ್ಣುಗಳನ್ನೂ, ಒತ್ತಿದರೆ ಹಾಲಿನಂಥ ವೀರ್ಯ ಸುರಿಸುವ ಗಂಡುಗಳನ್ನೂ ಆರಿಸುತ್ತಾರೆ. ಒದ್ದೆ ಬಟ್ಟೆಯಲ್ಲಿ ಹಿಡಿದು, ತೂಕಕ್ಕೆ ತಕ್ಕಷ್ಟು ಹಾರ್ಮೋನು ಚುಚ್ಚಿ ದುಂಡನೆಯ ಸಿಮೆಂಟು ತೊಟ್ಟಿಗೆ ಬಿಡುತ್ತಾರೆ. ತೊಟ್ಟಿಯ ಗೋಡೆಯ ಕೊಳವೆಗಳಿಂದ ನೀರು ಓರೆಯಾಗಿ ಚಿಮ್ಮಿ ಒಳಗೆಲ್ಲ ಸುತ್ತುತ್ತಿರುತ್ತದೆ. ಮೀನಿಗೆ ಅದೇ ನೆರೆ. ನಡುರಾತ್ರಿ ಕಳೆಯುವ ಹೊತ್ತಿಗೆ ಗಂಡು ಹೆಣ್ಣುಗಳ ಅಟ್ಟಾಟ, ನೀರಿನ ಸದ್ದು. ಬೆಳಗಾಗುವಷ್ಟರಲ್ಲಿ ನೀರು ಹೀರಿ ಸಬ್ಬಕ್ಕಿಯಂತೆ ಉಬ್ಬಿದ ಮೊಟ್ಟೆಗಳು ಮೊಟ್ಟೆಯೊಡೆಸುವ ತೊಟ್ಟಿಗೆ ಹರಿದುಬರುತ್ತವೆ. ನೀರು ಬೆಚ್ಚಗಿದ್ದರೆ ಒಂದು ಹಗಲು ಕಳೆಯುವುದರೊಳಗೆ ಮರಿ ಹೊರಬರುತ್ತದೆ. ಮೂರು ದಿನ ಅದಕ್ಕೆ ಹೊಟ್ಟೆಯಡಿಯ ಹಳದಿ ಚೀಲವೇ ಆಹಾರ. ಆಮೇಲೆ ನರ್ಸರಿ ಕೊಳ.

ಸಾಯುವುದೂ ಅಲ್ಲಿಯೇ ಹೆಚ್ಚು. ನೀರುತಿಗಣೆಗಳಿಗೆ ಈ ಮರಿ ಒಂದು ತುತ್ತು. ಅವನ್ನು ಕೊಲ್ಲಲು ಮರಿ ಬಿಡುವ ಮೊದಲು ಹೆಕ್ಟೇರಿಗೆ 56 ಕಿಲೋ ಅಗ್ಗದ ಎಣ್ಣೆಗೆ 18 ಕಿಲೋ ಸೋಪು ಕದಡಿ ಕೊಳದ ಮೇಲೆ ಚಿಮುಕಿಸುವುದು ಹಳೆಯ ರೂಢಿ. ಎಣ್ಣೆಯ ಪೊರೆ ಹರಡಿಕೊಂಡಾಗ ಮೇಲೆ ಬಂದು ಉಸಿರಾಡುವ ಕೀಟಗಳು ಉಸಿರುಗಟ್ಟಿ ಸಾಯುತ್ತವೆ. ಇಷ್ಟು ಮಾಡಿದರೂ ನರ್ಸರಿಗೆ ಬಿಟ್ಟ ಮರಿಗಳಲ್ಲಿ ಮೂರನೇ ಒಂದು ಭಾಗ ಒಂದಿಂಚಿನ ‘ಫ್ರೈ’ ಆಗಿ ಉಳಿದರೆ ಅದು ಸಾಧಾರಣ ಫಸಲು. ಅವುಗಳಲ್ಲಿ ಮತ್ತಷ್ಟು ಕಳೆದು ಉಳಿದವು ನಾಲ್ಕಿಂಚಿನ ‘ಫಿಂಗರ್ಲಿಂಗ್’, ಅಂದರೆ ಬಲಿತ ಬಿತ್ತನೆ ಮರಿ, ಆಗುತ್ತವೆ.

ಈಗ ಖರ್ಚಿನ ಕಡೆ ನೋಡಿ. ಹಾರ್ಮೋನು ಒಂದು ರಾತ್ರಿಯದು. ತಾಯಿ ಮೀನುಗಳಿಗೆ ಕಡಲೆಕಾಯಿ ಹಿಂಡಿ, ತೌಡು ಮಾತ್ರ ವರ್ಷವಿಡೀ ಬೇಕು. ಮರಿ ಮಾಡುವ ಕಾಲ ಮಳೆಗಾಲದ ಮೂರು ನಾಲ್ಕು ತಿಂಗಳು. ಸಿಬ್ಬಂದಿಯ ಸಂಬಳ ಹನ್ನೆರಡು ತಿಂಗಳು. ಪಂಪಿಗೆ ಕರೆಂಟು, ಕರೆಂಟು ಹೋದರೆ ಡೀಸೆಲ್. ಕೊಳದ ಹೂಳು ತೆಗೆಯಬೇಕು, ಒಡ್ಡು ಕಟ್ಟಬೇಕು. ಕಟ್ಟಡ, ತೊಟ್ಟಿಗಳು ಹಳತಾಗುತ್ತವೆ. ಒಂದಲ್ಲ ಒಂದು ದಿನ ಹೊಸದಾಗಿ ಕಟ್ಟಬೇಕು. ಸರ್ಕಾರದ ಜಮೀನಿಗೆ ಬಾಡಿಗೆ ಇಲ್ಲವೆಂದು ಅದನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ, ಅದೇ ಜಮೀನು ಬೇರೆ ಉಪಯೋಗಕ್ಕೂ ಬರುತ್ತಿತ್ತು. ಮರಿಗಳ ಮಾರಾಟದಿಂದ ಬಂದ ದುಡ್ಡನ್ನು ಮೇವು ಮತ್ತು ಹಾರ್ಮೋನಿನ ಬಿಲ್ಲಿನ ಜೊತೆ ಮಾತ್ರ ಹೋಲಿಸಿ ‘ಲಾಭದಲ್ಲಿದೆ’ ಎಂದರೆ ಅದು ಅರ್ಧ ಲೆಕ್ಕ. ಸಂಬಳ, ಸವಕಳಿ, ದುರಸ್ತಿ ಎಲ್ಲ ಸೇರಿಸಿದರೆ ಉತ್ತರ ಬೇರೆಯೇ ಬರಬಹುದು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಈ ಖರ್ಚುಗಳಲ್ಲಿ ದೊಡ್ಡ ಪಾಲು, ಹತ್ತು ಲಕ್ಷ ಮರಿ ಮಾಡಿದರೂ ಐವತ್ತು ಲಕ್ಷ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅರ್ಧ ಸಾಮರ್ಥ್ಯದಲ್ಲಿ ನಡೆಯುವ ಹ್ಯಾಚರಿಯ ಮರಿ ದುಬಾರಿಯಾಗುವುದು ಇದೇ ಕಾರಣಕ್ಕೆ. ಹಾಗೆಂದು ಸಂಖ್ಯೆ ಹೆಚ್ಚಿಸಿ ಮರಿಯನ್ನು ಅಗ್ಗ ಮಾಡಿದರೆ ಸಾಕೇ?

ಅಗ್ಗದ ಮರಿ, ದುಬಾರಿ ಮೀನು

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಸಣ್ಣ ಮರಿಯೊಂದಕ್ಕೆ 25 ಪೈಸೆ, ಬಲಿತ ಮರಿಯೊಂದಕ್ಕೆ 1 ರೂಪಾಯಿ ಖರ್ಚೆಂದು ಇಟ್ಟುಕೊಳ್ಳಿ. ಕೊರವ ಮೀನು, ಬಾಳೆ ಮೀನು ಬಾಯಿ ತೆರೆದು ಕಾದಿರುವ ಜಲಾಶಯಕ್ಕೆ ಸಣ್ಣ ಮರಿ ಬಿಟ್ಟರೆ ನೂರಕ್ಕೆ ಒಂದು ಬಲೆಗೆ ಬೀಳುತ್ತದೆ. ಬಲಿತ ಮರಿ ಬಿಟ್ಟರೆ ನೂರಕ್ಕೆ ಹತ್ತು. ಸಣ್ಣ ಮರಿಯಿಂದ ಬಂದ ಒಂದು ಮೀನಿನ ಖರ್ಚು 25 ರೂಪಾಯಿ, ಬಲಿತ ಮರಿಯಿಂದ ಬಂದ ಮೀನಿನ ಖರ್ಚು 10 ರೂಪಾಯಿ. ನಾಲ್ಕು ಪಟ್ಟು ದುಬಾರಿ ಮರಿ ಕೊನೆಗೆ ಅಗ್ಗದ ಮೀನಾಯಿತು. ಬದುಕುಳಿಯುವ ಪ್ರಮಾಣ ಸಾವಿರಕ್ಕೆ ಒಂದಕ್ಕೆ ಇಳಿದರಂತೂ ಅದೇ 25 ಪೈಸೆಯ ಮರಿ 250 ರೂಪಾಯಿಯ ಮೀನು.

ಮರಿಯ ದರಕ್ಕಿಂತ ಬದುಕುಳಿಯುವ ಪ್ರಮಾಣವೇ ಇಲ್ಲಿ ಮೇಲುಗೈ. ಜಲಾಶಯಗಳಿಗೆ ನಾಲ್ಕಿಂಚಿಗೆ ಕಡಿಮೆಯಿಲ್ಲದ ಮರಿಯನ್ನೇ ಬಿಡಬೇಕೆಂದು ವಿಜ್ಞಾನಿಗಳು ಹೇಳುವುದು ಅದಕ್ಕೇ. ಆದರೆ ಗುರಿಯನ್ನು ‘ಲಕ್ಷ ಮರಿ’ಗಳಲ್ಲಿ ಕೊಟ್ಟರೆ, ಗುರಿ ಮುಟ್ಟಬೇಕಾದ ಸಿಬ್ಬಂದಿಗೆ ಸಣ್ಣ ಮರಿಯೇ ಅನುಕೂಲ; ಕೊಳ ಬೇಗ ಖಾಲಿ, ಸಂಖ್ಯೆಯೂ ದೊಡ್ಡದು. ಅವರನ್ನು ದೂರಿ ಫಲವಿಲ್ಲ, ಅಳತೆಗೋಲೇ ತಪ್ಪು.

ಜಲಾಶಯಗಳ ಇಳುವರಿಯಲ್ಲೂ ಇದರ ಛಾಯೆ ಕಾಣುತ್ತದೆ. ವಿ.ವಿ. ಸುಗುಣನ್ ಅವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ 1995ರಲ್ಲಿ ಬರೆದ ಸಮೀಕ್ಷೆಯ ಪ್ರಕಾರ, ಭಾರತದ ಸಣ್ಣ ಜಲಾಶಯಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 50 ಕಿಲೋ ಮೀನು ಸಿಗುತ್ತಿತ್ತು. ದೊಡ್ಡ ಜಲಾಶಯಗಳಲ್ಲಿ ಬರೀ 11 ಕಿಲೋ. ಸಣ್ಣ ನೀರಿನಲ್ಲಿ ಬಿಟ್ಟ ಮರಿ ಕೈಗೆ ಸಿಗುತ್ತದೆ, ದೊಡ್ಡ ನೀರಿನಲ್ಲಿ ಚದುರಿಹೋಗುತ್ತದೆ. ಒಂದೇ ಹ್ಯಾಚರಿಯ ಒಂದೇ ಮರಿಗೆ ಬಿಟ್ಟ ಜಾಗದ ಮೇಲೆ ಬೇರೆ ಬೇರೆ ಬೆಲೆ ಬರುತ್ತದೆ ಎಂದಾಯಿತು.

ಒಂದು ಡಾಲರಿಗೆ ಮೂವತ್ತೆರಡು ಡಾಲರ್

ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ 2004ನೇ ಹಣಕಾಸು ವರ್ಷಕ್ಕೆ ಸಂಬಂಧಿಸಿ ಮಾಡಿದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿದೆ. ತನ್ನ ಹ್ಯಾಚರಿಗಳಿಂದ ಆ ವರ್ಷ ಕೆರೆ, ನದಿಗಳಿಗೆ ಬಿಟ್ಟ 94 ಲಕ್ಷ ರೇನ್‌ಬೋ ಟ್ರೌಟ್ ಮೀನುಗಳಿಗೆ ಅದು ಖರ್ಚು ಮಾಡಿದ್ದು 54 ಲಕ್ಷ ಡಾಲರ್. ಮೀನೊಂದಕ್ಕೆ ಸುಮಾರು 57 ಸೆಂಟ್. ಹೀಗೆ ಖರ್ಚಾದ ಪ್ರತಿ ಡಾಲರಿಗೆ 32 ಡಾಲರ್ 20 ಸೆಂಟಿನ ಚಿಲ್ಲರೆ ವ್ಯಾಪಾರ ನಡೆಯಿತೆಂದೂ, 36 ಡಾಲರ್ 88 ಸೆಂಟಿನ ನಿವ್ವಳ ಆರ್ಥಿಕ ಮೌಲ್ಯ ಸೃಷ್ಟಿಯಾಯಿತೆಂದೂ ವರದಿ ಹೇಳಿತು.

ಎರಡೂ ಸಂಖ್ಯೆಗಳು ಹತ್ತಿರ ಹತ್ತಿರ ಇವೆ, ಆದರೆ ಅವು ಅಳೆಯುವುದು ಬೇರೆ ಬೇರೆಯದನ್ನು. ಗಾಳ ಹಾಕಿ ಟ್ರೌಟ್ ಹಿಡಿಯುವುದು ಅಲ್ಲಿ ಜೀವನೋಪಾಯವಲ್ಲ, ಹವ್ಯಾಸ. ಹವ್ಯಾಸಿಯು ಪೆಟ್ರೋಲು ಹಾಕಿಸುತ್ತಾನೆ, ಗಾಳ ಕೊಳ್ಳುತ್ತಾನೆ, ಹೋಟೆಲಿನಲ್ಲಿ ತಂಗುತ್ತಾನೆ. 32 ಡಾಲರ್ ಅಂದರೆ ಈ ವಹಿವಾಟು, ಆರ್ಥಿಕ ಪರಿಣಾಮ. ಇದು ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಬಂದ ಹಣವಾದರೂ ಹವ್ಯಾಸಿಯ ಜೇಬಿನಿಂದ ಹೋದದ್ದೇ. ಎರಡನೆಯದು ನಿಜವಾದ ಪ್ರಯೋಜನದ ಅಳತೆ. ಒಂದು ದಿನದ ಮೀನು ಬೇಟೆಗೆ 80 ಡಾಲರ್ ಕೊಡಲು ಸಿದ್ಧನಿದ್ದವನಿಗೆ 50 ಡಾಲರಿಗೇ ಅದು ದಕ್ಕಿದರೆ, ಉಳಿದ 30 ಡಾಲರಿನಷ್ಟು ಸಂತೋಷ ಅವನ ನಿವ್ವಳ ಗಳಿಕೆ. ಅರ್ಥಶಾಸ್ತ್ರಜ್ಞರು ಸಮೀಕ್ಷೆ ಮಾಡಿ ಅಂದಾಜಿಸುವುದು ಇದನ್ನೇ. ಇವೆರಡನ್ನೂ ಕೂಡಿಸಿ ‘ಒಂದಕ್ಕೆ ಅರವತ್ತೊಂಬತ್ತು’ ಎಂದು ಭಾಷಣ ಮಾಡುವುದು ಶುದ್ಧ ತಪ್ಪು.

ಮೊದಲನೆಯ ಸಂಖ್ಯೆಯ ಹಿಂದೆ ಇನ್ನೊಂದು ತೊಡಕಿದೆ. ಒಂದೂರಿನ ಜಾತ್ರೆಯಲ್ಲಿ ಲಕ್ಷಗಟ್ಟಲೆ ವ್ಯಾಪಾರವಾಯಿತೆಂದರೆ ಸೀಮೆಯ ಸಂಪತ್ತೇ ಅಷ್ಟು ಹೆಚ್ಚಿತೆಂದಲ್ಲ. ಬಳೆ, ಬತ್ತಾಸಿಗೆ ಅಲ್ಲಿ ಹೋದ ದುಡ್ಡು ಪಕ್ಕದೂರಿನ ಸಂತೆಯಲ್ಲಿ ಖರ್ಚಾಗಬೇಕಿದ್ದುದೇ ಇರಬಹುದು. ಟ್ರೌಟ್ ಇಲ್ಲದಿದ್ದರೆ ಆ ಹವ್ಯಾಸಿ ಬೇರೆ ಕೆರೆಗೆ ಹೋಗುತ್ತಿದ್ದನೋ, ಬೇರೆ ಮೀನು ಹಿಡಿಯುತ್ತಿದ್ದನೋ, ಸಿನಿಮಾ ನೋಡುತ್ತಿದ್ದನೋ? ಹ್ಯಾಚರಿ ಇರುವ ಊರಿಗೆ ಬಂದ ಆದಾಯ ಇಡೀ ದೇಶಕ್ಕೆ ಬಂದ ಆದಾಯವಲ್ಲ. ಆ ಊರಿನ ಹೋಟೆಲಿನವನಿಗೆ ಈ ವ್ಯತ್ಯಾಸ ಮುಖ್ಯವಲ್ಲದಿರಬಹುದು, ತೆರಿಗೆ ಕೊಡುವವನಿಗೆ ಮುಖ್ಯ.

ಬಿಡದೇ ಇದ್ದಿದ್ದರೆ?

ಈ ಪ್ರಶ್ನೆಯನ್ನು ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆಯ ದಕ್ಷಿಣ ಕರಾವಳಿ ಸಾಕ್ಷಿ. ಜಿ.ಎಂ. ಡಾನೆವಿಗ್ ಎಂಬ ಹಡಗಿನ ಕಪ್ತಾನ 1880ರ ದಶಕದಲ್ಲಿ ಫ್ಲೋಡೆವಿಗೆನ್ ಎಂಬಲ್ಲಿ ಕಾಡ್ ಮೀನಿನ ಹ್ಯಾಚರಿ ಕಟ್ಟಿದ. ಮೊಟ್ಟೆಯೊಡೆದ ಕೆಲವೇ ದಿನಗಳ ಮರಿಗಳನ್ನು ಕೋಟಿಗಟ್ಟಲೆ ಸಮುದ್ರದ ಕವಲುಗಳಿಗೆ ಬಿಡುವುದು ಅಲ್ಲಿನ ಕೆಲಸ. ಮೀನು ಹೆಚ್ಚಾಗಿದೆ ಎಂದು ಆತ ಹೇಳಿದ. ಪುರಾವೆ ಎಲ್ಲಿ ಎಂದು ಸಾಗರ ವಿಜ್ಞಾನಿ ಯೋಹಾನ್ ಯೋರ್ಟ್ ಕೇಳಿದ. ಒಂದು ಹೆಣ್ಣು ಕಾಡ್ ಲಕ್ಷಗಟ್ಟಲೆ ಮೊಟ್ಟೆ ಇಡುವ ಸಮುದ್ರದಲ್ಲಿ, ಯಾವ ವರ್ಷ ಎಷ್ಟು ಮರಿ ಉಳಿಯುತ್ತವೆ ಎಂಬುದನ್ನು ನೀರಿನ ಉಷ್ಣತೆ, ಮೇವು, ಬೇಟೆಗಾರ ಜೀವಿಗಳು ನಿರ್ಧರಿಸುತ್ತವೆ. ಹ್ಯಾಚರಿ ಸೇರಿಸಿದ ಪಾಲು ಅದರಲ್ಲಿ ಗುರುತೇ ಸಿಗದಷ್ಟು ಸಣ್ಣದು. ವಾದ ಮುಗಿಯಲಿಲ್ಲ, ಮರಿ ಬಿಡುವುದೂ ನಿಲ್ಲಲಿಲ್ಲ. ಕೊನೆಗೆ ನಿಂತದ್ದು 1971ರಲ್ಲಿ. ಅಷ್ಟು ದಶಕ ಮರಿ ಬಿಟ್ಟದ್ದರಿಂದ ಕಾಡ್ ಫಸಲು ಹೆಚ್ಚಿತೆಂಬುದಕ್ಕೆ ದೃಢವಾದ ಪುರಾವೆ ಸಿಗಲೇ ಇಲ್ಲ.

ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್ ಕೊಲ್ಲಿಯದು ಇನ್ನೂ ಸೂಕ್ಷ್ಮ ಪ್ರಕರಣ. ಅಲ್ಲಿ ಹ್ಯಾಚರಿಯ ಪಿಂಕ್ ಸಾಲ್ಮನ್ ಬಲೆ ತುಂಬ ಬೀಳುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ರೇ ಹಿಲ್‌ಬಾರ್ನ್ ಮತ್ತು ಡಗ್ಲಸ್ ಎಗರ್ಸ್ 2000ನೇ ಇಸವಿಯಲ್ಲಿ, ಹ್ಯಾಚರಿ ಮೀನುಗಳು ಕಾಡು ಮೀನುಗಳ, ಅಂದರೆ ನದಿಯಲ್ಲಿ ತಾವಾಗಿ ಹುಟ್ಟಿದ ಮೀನುಗಳ, ಜೊತೆ ಸೇರಿಕೊಂಡದ್ದಕ್ಕಿಂತ ಅವುಗಳ ಜಾಗವನ್ನು ಆಕ್ರಮಿಸಿಕೊಂಡದ್ದೇ ಹೆಚ್ಚು ಎಂದು ವಾದಿಸಿದರು. ಹ್ಯಾಚರಿಗಳ ಪಾಲು ಅಷ್ಟಾಗಿ ಇಲ್ಲದ ಅಲಾಸ್ಕಾದ ಇತರ ಭಾಗಗಳಲ್ಲೂ ಅದೇ ಕಾಲಕ್ಕೆ ಪಿಂಕ್ ಸಾಲ್ಮನ್ ಏರಿಕೆ ಕಂಡದ್ದು ಅವರ ಆಧಾರ. ಇತರ ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ, ಉತ್ಪಾದನೆ ನಿಜಕ್ಕೂ ಹೆಚ್ಚಿದೆ ಎಂದರು. ತೀರ್ಪು ಯಾರ ಕಡೆಗೇ ಇರಲಿ, ಹ್ಯಾಚರಿ ಮೀನಿನ ಸಂಖ್ಯೆಯಿಂದ ಅದು ಕಿತ್ತುಕೊಂಡ ಕಾಡು ಮೀನಿನ ಸಂಖ್ಯೆಯನ್ನು ಕಳೆದ ಮೇಲೆ ಉಳಿಯುವುದಷ್ಟೇ ಗಳಿಕೆ.

ಕೊಲಂಬಿಯಾದ ಬಿಲ್ಲು

ಅಮೆರಿಕದ ವಾಯವ್ಯದಲ್ಲಿ ಹರಿಯುವ ಕೊಲಂಬಿಯಾ ನದಿಗೆ ಒಂದು ಕಾಲದಲ್ಲಿ ವರ್ಷಕ್ಕೆ 1 ಕೋಟಿಯಿಂದ 1 ಕೋಟಿ 60 ಲಕ್ಷ ಸಾಲ್ಮನ್‌ಗಳು ಸಮುದ್ರದಿಂದ ಮರಳುತ್ತಿದ್ದವೆಂದು ಅಂದಾಜು. 1938ರಲ್ಲಿ ಬಾನೆವಿಲ್ ಅಣೆಕಟ್ಟು ಎದ್ದಿತು, ಕೆಲವೇ ವರ್ಷಗಳಲ್ಲಿ ಗ್ರ್ಯಾಂಡ್ ಕೂಲಿ. ಎರಡನೆಯದಕ್ಕೆ ಮೀನು ಹತ್ತುವ ಮೆಟ್ಟಿಲೇ ಇಲ್ಲ. ಅದರ ಮೇಲಿನ ನದಿ ಸಾಲ್ಮನ್ ಪಾಲಿಗೆ ಮುಚ್ಚಿಹೋಯಿತು. ನಷ್ಟಕ್ಕೆ ಪರಿಹಾರವೆಂದು 1938ರ ಮಿಚೆಲ್ ಕಾಯ್ದೆಯೂ ನಂತರದ ಯೋಜನೆಗಳೂ ನದಿಯುದ್ದಕ್ಕೂ ಹ್ಯಾಚರಿಗಳನ್ನು ಕಟ್ಟಿಸಿದವು.

ಈ ಹ್ಯಾಚರಿಗಳ ಒಂದು ಒಳ್ಳೆಯ ಗುಣವೆಂದರೆ ಅವು ತಮ್ಮ ಮೀನಿಗೆ ಗುರುತು ಹಾಕುತ್ತವೆ. ಮರಿಯ ಬಾಲದ ಹತ್ತಿರ, ಬೆನ್ನ ಮೇಲಿನ ಸಣ್ಣ ಕೊಬ್ಬಿನ ರೆಕ್ಕೆಯನ್ನು ಕತ್ತರಿಸುತ್ತಾರೆ. ಒಂದಷ್ಟು ಮರಿಗಳ ಮೂತಿಯೊಳಗೆ ಮಿಲಿಮೀಟರ್ ಉದ್ದದ ಲೋಹದ ತಂತಿಯ ಚೂರು ಸೇರಿಸುತ್ತಾರೆ. ಆ ಚೂರಿನ ಮೇಲೆ ಮರಿ ಯಾವ ಗುಂಪಿನದು ಎಂಬ ಸಂಕೇತ ಇರುತ್ತದೆ. ಎರಡು ಮೂರು ವರ್ಷದ ಮೇಲೆ ಮೀನುಗಾರರ ದಕ್ಕೆಯಲ್ಲಿ ತಲೆಗಳನ್ನು ಸಂಗ್ರಹಿಸಿ, ತಂತಿ ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ಓದುತ್ತಾರೆ. ಯಾವ ಹ್ಯಾಚರಿಯ ಮೀನನ್ನು ಯಾರು ಎಲ್ಲಿ ಹಿಡಿದರು ಎಂಬುದು ತಿಳಿಯುತ್ತದೆ.

ಈ ಮಾಹಿತಿಯನ್ನು ಇಟ್ಟುಕೊಂಡು, ಆ ಪ್ರದೇಶದ ಸ್ವತಂತ್ರ ಆರ್ಥಿಕ ವಿಶ್ಲೇಷಣಾ ಮಂಡಳಿ 2002ರಲ್ಲಿ ಕೆಲವು ಹ್ಯಾಚರಿಗಳ ಲೆಕ್ಕ ತೆಗೆಯಿತು. ಬಲೆಗೆ ಬಿದ್ದ ಮೀನೊಂದರ ಖರ್ಚು ಕೆಲವು ಕಡೆ ಹತ್ತಿಪ್ಪತ್ತು ಡಾಲರ್ ಆಸುಪಾಸು, ಇನ್ನು ಕೆಲವು ಕಡೆ ಸಾವಿರಗಟ್ಟಲೆ ಡಾಲರ್! ಮರಿ ಮಾಡುವ ಖರ್ಚಿನಲ್ಲಿ ಅಷ್ಟು ಅಂತರವಿರಲು ಸಾಧ್ಯವಿಲ್ಲ. ನದಿಯ ಮೇಲ್ಭಾಗದ ಹ್ಯಾಚರಿಯ ಮರಿ ಸಮುದ್ರಕ್ಕೆ ಹೋಗುವಾಗ ಏಳೆಂಟು ಅಣೆಕಟ್ಟು ದಾಟಬೇಕು, ಬರುವಾಗಲೂ ಅಷ್ಟೇ. ಅದೇ ಹೊತ್ತಿಗೆ ಬರುವ ಅಳಿವಿನಂಚಿನ ಕಾಡು ಮೀನುಗಳನ್ನು ಉಳಿಸಲು ಬಲೆ ಹಾಕುವುದನ್ನೇ ನಿರ್ಬಂಧಿಸಿರುತ್ತಾರೆ. ಇತ್ತ ಕೆಳಭಾಗದ ಕೆಲವು ಮೀನುಗಳು ಸಮುದ್ರದಲ್ಲಿ ಉತ್ತರಕ್ಕೆ ಹೋಗಿ ಕೆನಡಾ, ಅಲಾಸ್ಕಾದವರ ಬಲೆಗೆ ಬೀಳುತ್ತವೆ. ಖರ್ಚು ಒಬ್ಬರದು, ಫಸಲು ಇನ್ನೊಬ್ಬರದು. 2022ರಲ್ಲಿ ಅಮೆರಿಕದ ಪತ್ರಕರ್ತರ ತಂಡವೊಂದು ಅಲ್ಲಿನ ದೊಡ್ಡ ಹ್ಯಾಚರಿಗಳ ಅಂಕಿಅಂಶ ಪರಿಶೀಲಿಸಿ, ಮರಳಿ ಬಂದ ಪ್ರತಿ ಸಾಲ್ಮನ್‌ಗೆ 250ರಿಂದ 650 ಡಾಲರ್ ಖರ್ಚಾಗಿದೆ ಎಂದು ವರದಿ ಮಾಡಿತು.

ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ವಿಲಿಯಂ ಜೇಗರ್ ಮತ್ತು ಜೀವವಿಜ್ಞಾನಿ ಮಾರ್ಕ್ ಶೂರೆಲ್ ಇಡೀ ಬಿಲ್ಲನ್ನೇ ನೋಡಿದರು. ನಾಲ್ಕು ದಶಕಗಳಲ್ಲಿ ಹ್ಯಾಚರಿಯೂ ಸೇರಿ ಮೀನು ಉಳಿಸುವ ಎಲ್ಲ ಕೆಲಸಗಳಿಗೆ ಸಾರ್ವಜನಿಕ ಹಣ 900 ಕೋಟಿ ಡಾಲರಿಗೂ ಮಿಕ್ಕಿ ಖರ್ಚಾಗಿತ್ತು. ಹ್ಯಾಚರಿ ಮೀನುಗಳು ಹೆಚ್ಚಾದವು ನಿಜ; ಬಾನೆವಿಲ್ ಅಣೆಕಟ್ಟು ದಾಟುವ ಕಾಡು ಸಾಲ್ಮನ್‌ಗಳು ಈ ಖರ್ಚಿನಿಂದ ಹೆಚ್ಚಾದುದಕ್ಕೆ ಪುರಾವೆ ಇಲ್ಲ ಎಂದು 2023ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿತು.

ಹಾಗಾದರೆ ಮುಚ್ಚಿಬಿಡಬೇಕೇ? ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು 1855ರ ಒಪ್ಪಂದಗಳಲ್ಲಿ ತಮ್ಮ ಜಮೀನು ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿವೆ. ನದಿಯಲ್ಲಿ ಮೀನೇ ಇಲ್ಲವಾದರೆ ಆ ಹಕ್ಕು ಬರೀ ಕಾಗದ. ಅಣೆಕಟ್ಟಿನ ವಿದ್ಯುತ್ತನ್ನು ದೇಶ ಉಪಯೋಗಿಸುತ್ತಿರುವವರೆಗೆ ಹ್ಯಾಚರಿಯ ಖರ್ಚು ಒಂದು ಸಾಲದ ಕಂತಿನಂತೆ. ಅದನ್ನು ಲಾಭದ ತಕ್ಕಡಿಯಲ್ಲಿ ಮಾತ್ರ ತೂಗಲಾಗದು. ಆದರೂ ಅದೇ ಸಾಲವನ್ನು ಇನ್ನೂ ಚೆನ್ನಾಗಿ ತೀರಿಸುವ ದಾರಿ ಇದೆಯೇ ಎಂದು ಕೇಳಲು ಲೆಕ್ಕ ಬೇಕೇ ಬೇಕು.

ದುಡ್ಡು ಯಾರದು?

ಅಲಾಸ್ಕಾ ರಾಜ್ಯ ಬೇರೆ ದಾರಿ ಹಿಡಿಯಿತು. 1974ರ ಕಾಯ್ದೆಯ ಬಳಿಕ ಅಲ್ಲಿ ಲಾಭರಹಿತ ಸಂಘಗಳು ಹ್ಯಾಚರಿ ನಡೆಸುತ್ತವೆ. ಮೀನುಗಾರರು ಮತ ಹಾಕಿ ತಾವು ಹಿಡಿದ ಮೀನಿನ ಮೇಲೆ ತಾವೇ ತೆರಿಗೆ ವಿಧಿಸಿಕೊಳ್ಳುತ್ತಾರೆ. ಮರಳಿ ಬಂದ ಮೀನುಗಳಲ್ಲಿ ಒಂದು ಪಾಲನ್ನು ಹ್ಯಾಚರಿಯೇ ಮಾರಿ ಖರ್ಚು ತೂಗಿಸುತ್ತದೆ. ಮೀನು ಬಾರದಿದ್ದರೆ ಹ್ಯಾಚರಿಗೆ ದುಡ್ಡಿಲ್ಲ. ಹ್ಯಾಚರಿಗಳಿಂದ ವರ್ಷಕ್ಕೆ 60 ಕೋಟಿ ಡಾಲರಿನ ವಹಿವಾಟು, 4,700 ಉದ್ಯೋಗಕ್ಕೆ ಸಮನಾದ ಕೆಲಸ ಎಂದು 2018ರ ಅಧ್ಯಯನವೊಂದು ಅಂದಾಜಿಸಿತು. ಇದೂ ‘ಪರಿಣಾಮ’ದ ಸಂಖ್ಯೆಯೇ, ಕಾಡು ಮೀನಿಗಾದ ನಷ್ಟವನ್ನು ಇದರಲ್ಲಿ ಕಳೆದಿಲ್ಲ. ಆದರೂ ಉಪಯೋಗ ಪಡೆಯುವವನೇ ದುಡ್ಡು ಕೊಡುವಾಗ ಮರಿಗಳ ಎಣಿಕೆಗಿಂತ ಮೀನಿನ ಎಣಿಕೆಗೆ ಬೆಲೆ ಬರುತ್ತದೆ ಎಂಬ ಪಾಠ ಇಲ್ಲಿದೆ.

ನಮ್ಮಲ್ಲಿ ಇದನ್ನು ಹಾಗೆಯೇ ಎತ್ತಿ ತರಲಾಗದು. ಹರಿಗೋಲಿನಲ್ಲಿ ಹೋಗಿ ಬಲೆ ಬಿಡುವ ಬಡ ಮೀನುಗಾರನಿಗೆ ಸರ್ಕಾರದ ಮರಿ ಒಂದು ಬಗೆಯ ನೆರವು. ನೆರವು ತಪ್ಪಲ್ಲ. ಆದರೆ ಕೆರೆಯ ಮೀನು ಗುತ್ತಿಗೆ ಹಿಡಿದ ಸಾಹುಕಾರನಿಗೆ ಅಗ್ಗದ ಮರಿ ಸಿಕ್ಕು, ಬಲೆ ಎಳೆದವನಿಗೆ ದಿನಗೂಲಿಯಷ್ಟೇ ದಕ್ಕಿದರೆ ನೆರವು ಹೋದದ್ದು ಯಾರಿಗೆ? ಒಟ್ಟು ಲಾಭದ ಜೊತೆಗೆ ಅದರ ಹಂಚಿಕೆಯನ್ನೂ ಬರೆದಿಡದ ಲೆಕ್ಕ ಅಪೂರ್ಣ.

ಬಿಲ್ಲಿನಲ್ಲಿ ಕಾಣದ ಖರ್ಚು

ಕರ್ನಾಟಕದ ಹ್ಯಾಚರಿಗಳು ಅಂತರರಾಷ್ಟ್ರೀಯ ವಿಜ್ಞಾನ ಸಾಹಿತ್ಯದಲ್ಲಿ ಒಂದು ಎಚ್ಚರಿಕೆಯ ಉದಾಹರಣೆಯಾಗಿ ಹೆಸರು ಪಡೆದಿವೆ. ಅಂಬೇಕರ್ ಏಕನಾಥ್ ಮತ್ತು ಕೆನಡಾದ ರೋಜರ್ ಡಾಯ್ಲ್ 1980ರ ದಶಕದಲ್ಲಿ ರಾಜ್ಯದ ಗೆಂಡೆ ಹ್ಯಾಚರಿಗಳ ತಾಯಿ ಮೀನುಗಳ ನಿರ್ವಹಣೆಯನ್ನು ಅಧ್ಯಯನ ಮಾಡಿದರು. ಕೆಲವೇ ಜೋಡಿಗಳಿಂದ ಮರಿ ತೆಗೆಯುವುದು, ಅವುಗಳ ಮರಿಗಳನ್ನೇ ಮುಂದಿನ ತಾಯಿ ಮೀನಾಗಿ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಇದರಿಂದ ಒಳಸಂಬಂಧದ ತಳಿ ಬೆಳೆದು, ಅದರ ದರ ಶೇಕಡ 2ರಿಂದ 17ರವರೆಗೆ ಇದೆ ಎಂದು 1990ರಲ್ಲಿ ಪ್ರಕಟವಾದ ಅವರ ಪ್ರಬಂಧ ಅಂದಾಜಿಸಿತು. ಬೇಗ ಬೆಳೆದ ದೊಡ್ಡ ಮೀನು ಹೊರಗೆ ಹೋಗಿ, ನಿಧಾನ ಬೆಳೆದದ್ದು ತಾಯಿ ಮೀನಾಗಿ ಉಳಿದರೆ ತಳಿ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಇದು ಹ್ಯಾಚರಿಯ ಬಿಲ್ಲಿನಲ್ಲಿ ಕಾಣುವುದಿಲ್ಲ, ರೈತನ ಕೊಳದಲ್ಲಿ ಕಾಣುತ್ತದೆ. ಅದೇ ಮೇವು, ಅಷ್ಟೇ ತಿಂಗಳು, ಮೀನು ಮಾತ್ರ ಕಡಿಮೆ ತೂಕ. ಇದಕ್ಕೆ ಎದುರು ಉದಾಹರಣೆಯೂ ಇದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ನೆರವಿನಿಂದ ತಳಿ ಆಯ್ಕೆ ಮಾಡಿ ರೂಪಿಸಿದ ‘ಜಯಂತಿ ರೋಹು’ ತಲೆಮಾರಿಗೆ ಸರಾಸರಿ ಶೇಕಡ 17ರಷ್ಟು ಬೆಳವಣಿಗೆಯ ಸುಧಾರಣೆ ತೋರಿತು. ಖಾಸಗಿಯವರು ತಾಳ್ಮೆಯಿಂದ ಮಾಡದ ಈ ಕೆಲಸವೇ ಸಾರ್ವಜನಿಕ ಹ್ಯಾಚರಿಗೆ ಇರುವ ಗಟ್ಟಿ ಸಮರ್ಥನೆ.

ಕಾವೇರಿಯ ಕಥೆ ಇನ್ನೂ ಕಹಿ. ಈ ನದಿ ವ್ಯವಸ್ಥೆಗೆ ಮಾತ್ರ ಸೀಮಿತವಾದ ಗೂನುಬೆನ್ನಿನ ಮಹಶೀರ್ ಒಂದು ಕಾಲದ ದೈತ್ಯ; 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡ್, ಸುಮಾರು 54 ಕಿಲೋ, ತೂಗಿತ್ತು. 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಹ್ಯಾಚರಿಯಲ್ಲಿ ಬೆಳೆದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಗಾಳದ ಶಿಬಿರಗಳ ದಾಖಲೆಗಳನ್ನು ಪರಿಶೀಲಿಸಿ, ನೀಲಿ ರೆಕ್ಕೆಯದು ಏರುತ್ತಾ ಗೂನುಬೆನ್ನಿನದು ಕುಸಿದದ್ದನ್ನು 2015ರಲ್ಲಿ ತೋರಿಸಿದರು. ಗೂನುಬೆನ್ನಿನ ಈ ಮೀನಿಗೆ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತವಾಗುವ ಹೊತ್ತಿಗೆ, 2018ರಲ್ಲಿ, ಅದು ಅಳಿವಿನ ತೀರಾ ಅಂಚಿಗೆ ತಲುಪಿದ ಜೀವಿಗಳ ಪಟ್ಟಿ ಸೇರಿತು. ಮರಿಗಳ ಖರ್ಚು ಸಣ್ಣದೇ ಇತ್ತು. ಈ ನಷ್ಟಕ್ಕೆ ಬೆಲೆ ಕಟ್ಟುವವರಾರು?

ನಮಗೆ ನೆಪ ಇಲ್ಲ

ಸಮುದ್ರದ ಕಾಡ್ ಮೀನಿನ ಲೆಕ್ಕ ಕಷ್ಟ, ಸಾವಿರಾರು ಮೈಲಿ ಸುತ್ತುವ ಸಾಲ್ಮನ್ ಲೆಕ್ಕವೂ ಕಷ್ಟ. ನಮ್ಮ ಬಯಲುಸೀಮೆಯ ಕೆರೆಯ ಲೆಕ್ಕ ಹಾಗಲ್ಲ. ಬೇಸಿಗೆಯಲ್ಲಿ ಒಣಗುವ ಕೆರೆಯಲ್ಲಿ ಮಳೆ ಬಂದ ಮೇಲೆ ಬಿಟ್ಟ ಕಾಟ್ಲಾ, ರೋಹು ಅಲ್ಲಿ ತಾವಾಗಿ ಹುಟ್ಟಲಾರವು. ವರ್ಷದ ಕೊನೆಗೆ ಹಿಡಿದ ಕಾಟ್ಲಾ ಎಲ್ಲವೂ ಬಿಟ್ಟ ಕಾಟ್ಲಾವೇ. ‘ಬಿಡದೇ ಇದ್ದಿದ್ದರೆ’ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟ ಉತ್ತರ ಜಗತ್ತಿನಲ್ಲಿ ಅಪರೂಪ. ತಂತಿಯ ಚೂರೂ ಬೇಡ, ಸೂಕ್ಷ್ಮದರ್ಶಕವೂ ಬೇಡ. ದಂಡೆಯ ಮೇಲೆ ತಕ್ಕಡಿ, ಪುಸ್ತಕ ಸಾಕು. ಖಾಸಗಿ ಮರಿ ಸಿಗುವ ಕಡೆ ಮಾತ್ರ ಒಂದು ತಿದ್ದುಪಡಿ ಬೇಕು: ಸರ್ಕಾರಿ ಹ್ಯಾಚರಿ ಇಲ್ಲದಿದ್ದರೆ ಅಲ್ಲಿ ಮೀನೇ ಇರುತ್ತಿರಲಿಲ್ಲ ಎನ್ನಲಾಗದು, ಮರಿಯ ದರ, ಗುಣಮಟ್ಟ, ಬೇಕಾದ ಹೊತ್ತಿಗೆ ಸಿಗುವ ಭರವಸೆ ಇವುಗಳಲ್ಲಿನ ವ್ಯತ್ಯಾಸವಷ್ಟೇ ಅದರ ಕೊಡುಗೆ.

ಆದ್ದರಿಂದ ಪ್ರತಿ ಸರ್ಕಾರಿ ಹ್ಯಾಚರಿಯ ಗೋಡೆಯ ಮೇಲೆ ಐದು ಸಂಖ್ಯೆಗಳು ಇರಬೇಕು: ಸಂಬಳ ಮತ್ತು ಸವಕಳಿ ಸೇರಿದ ಒಟ್ಟು ಖರ್ಚು, ಮರಿಗಳ ಸಂಖ್ಯೆಯ ಜೊತೆ ಅವುಗಳ ಅಳತೆ, ಅವು ಹೋದ ಕೆರೆಗಳಲ್ಲಿ ಹಿಡಿದ ಮೀನಿನ ತೂಕ, ಆ ಮೀನಿನ ಹಣದಲ್ಲಿ ಬಲೆ ಎಳೆದವನ ಪಾಲು, ಎಷ್ಟು ಜೋಡಿ ತಾಯಿ ಮೀನುಗಳಿಂದ ಮರಿ ತೆಗೆದರು ಎಂಬುದು. ಹೊಳೆಗೆ ಮರಿ ಬಿಡುವ ಮೊದಲು ಆ ಹೊಳೆಯ ಮೂಲ ಮೀನು ಯಾವುದೆಂದು ಬಲ್ಲವರ ಒಪ್ಪಿಗೆಯೂ ಬೇಕು. ನಿಮ್ಮೂರ ಕೆರೆಗೆ ಈ ಮಳೆಗಾಲ ಮರಿ ಬಿಡಲು ಬಂದರೆ ಎಷ್ಟು ಲಕ್ಷ ಎಂದು ಕೇಳಬೇಡಿ. ಎಷ್ಟುದ್ದದ ಮರಿ ಎಂದು ಕೇಳಿ. ಬಲೆ ಎಳೆಯುವ ದಿನ ಮತ್ತೊಮ್ಮೆ ಹೋಗಿ ಎಷ್ಟು ಕಿಲೋ ಸಿಕ್ಕಿತೆಂದು ಗ್ರಾಮಸಭೆಯ ನಡವಳಿಯಲ್ಲಿ ಬರೆಸಿ.